ಹದಿನೇಳಕ್ಕೆ ಒಡೆದ ಸಂಖ್ಯೆ

ಶಾಲೆಯ ಸಭಾಂಗಣದ ಗೋಡೆಗೆ ಹಿತ್ತಾಳೆ ಅಂಕಿಗಳನ್ನು ಕೂರಿಸುವ ಹುಚ್ಚು ಹೆಡ್‌ಮಾಸ್ಟರರದು. 31, 331, 3331 ಎಂದು ಎಡಕ್ಕೆ ಒಂದೊಂದೇ ಮೂರು ಸೇರಿಸುತ್ತ ಹೋದರೆ ಪ್ರತಿಯೊಂದೂ ಅವಿಭಾಜ್ಯ ಎಂದು ಅವರ ನಂಬಿಕೆ. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದಕ್ಕೂ ಬಗ್ಗುವುದಿಲ್ಲ. ಏಳು ಸಂಖ್ಯೆಗಳನ್ನು ಅವರು ಪ್ರಾಯದಲ್ಲಿ ಕೂತು ಪರೀಕ್ಷಿಸಿದ್ದರು. ಎಂಟನೆಯದು, 333333331, ಗೋಡೆಯಲ್ಲಿ ಜಾಗ ಉಳಿಯಿತೆಂದು ಸೇರಿಸಿದ್ದು. ಏಳು ಜನ ಅಣ್ಣಂದಿರು ಸಾಚಾ ಆಗಿರುವಾಗ ತಮ್ಮನನ್ನು ಯಾರು ವಿಚಾರಿಸುತ್ತಾರೆ?

ವಿಚಾರಿಸಿದವಳು ಹೆಡ್‌ಮಾಸ್ಟರರ ಅಣ್ಣನ ಮಗಳೇ. ತಂದೆ ಹೋದ ಮೇಲೆ ಚಿಕ್ಕಪ್ಪನ ಮನೆಯಲ್ಲೇ ಬೆಳೆದು, ಅವರಿಂದಲೇ ಲೆಕ್ಕ ಕಲಿತು, ಈಗ ಅದೇ ಶಾಲೆಯಲ್ಲಿ ಲೆಕ್ಕದ ಟೀಚರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ; ಆಡಳಿತ ಮಂಡಳಿ ಅಂದು ಸಂಜೆ ಗೋಡೆಯ ಉದ್ಘಾಟನೆಗೆ ಬಂದಾಗಲೇ ತೀರ್ಮಾನಿಸಲಿತ್ತು. ಬೆಳಿಗ್ಗೆ ಸುಮ್ಮನೆ ಕೈ ತುರಿಸಿ ಭಾಗಿಸಿ ನೋಡಿದಳು. ಮೂರು, ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಜಗ್ಗದ ಸಂಖ್ಯೆ ಹದಿನೇಳಕ್ಕೆ ಮಕಾಡೆ ಮಲಗಿತು.

ಓಡಿ ಹೋಗಿ ಹೇಳಿದಳು. ಚಿಕ್ಕಪ್ಪ ತಾಳೆ ನೋಡಲೂ ಇಲ್ಲ. ಸಂಜೆ ಅತಿಥಿಗಳು ಬರುತ್ತಾರೆ, ಅಷ್ಟು ಉದ್ದದ ಸಂಖ್ಯೆಯನ್ನು ಯಾರು ಭಾಗಿಸುತ್ತ ಕೂರುತ್ತಾರೆ ಎಂದು ಗೊಣಗಿ, ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಇವತ್ತೊಂದಿನ ಸುಮ್ನಿರು, ಕಾಯಂ ಆಗ್ತೀಯ. ಸಭೇಲಿ ಬಾಯಿ ಬಿಟ್ಟು ನನ್ನ ಮರ್ಯಾದೆ ತೆಗೆದ್ರೆ, ನಾನು ನಿನ್ನ ಪರ ಒಂದು ಮಾತೂ ಆಡಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಉತ್ತರ ಸರಿ ಬಂದರೂ ತಾಳೆ ನೋಡಿಲ್ಲವೆಂದು ಅರ್ಧ ಅಂಕ ಕೊಯ್ಯುತ್ತಿದ್ದ ಮಹಾನುಭಾವರು ಇವರೇ ಅಲ್ಲವೇ! ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು.

ಸಂಜೆ ಮಂಡಳಿಯ ಅಧ್ಯಕ್ಷರು ಗೋಡೆ ನೋಡಿ ಬಾಯ್ತುಂಬ ಹೊಗಳಿದರು. ಇದರ ಮರ್ಮವನ್ನು ಲೆಕ್ಕದ ಟೀಚರೇ ಮಕ್ಕಳಿಗೆ ಹೇಳಲಿ ಎಂದರು. ಚಿಕ್ಕಪ್ಪ ಅವಳ ಮುಖ ನೋಡಿದರು. ಮೊದಲ ಏಳು ಸಂಖ್ಯೆಗಳ ಕಥೆಯಷ್ಟೇ ಹೇಳಿ ಕೂತುಬಿಡಬಹುದಿತ್ತು. ಅವಳು ಎದ್ದು, ಮೂಲೆಯ ಕಪ್ಪುಹಲಗೆಯ ಮೇಲೆ ಎಂಟನೆಯ ಸಂಖ್ಯೆಯನ್ನು ಬರೆದಳು.

"ಮೊದಲ ಏಳು ನಿಜ. ಇದು ಸುಳ್ಳು. ಭಾಗಿಸೋಣ, ಹದಿನೇಳರ ಮಗ್ಗಿ ಹೇಳಿ."

ಮಕ್ಕಳು ಹುರುಪಿನಿಂದ ಹೇಳತೊಡಗಿದರು. ಅಧ್ಯಕ್ಷರ ನಗು ಅರ್ಧಕ್ಕೇ ನಿಂತಿತು. ಭಾಗಲಬ್ಧದ ಅಂಕಿಗಳು ಒಂದೊಂದಾಗಿ ಬಂದವು: ಒಂದು, ಒಂಬತ್ತು, ಆರು. ನಡುವೆ ಹದಿಮೂರು ಉಳಿದು, ಹದಿನೇಳು ಅದರೊಳಗೆ ಹೋಗದೆ ಸೊನ್ನೆ ಇಡಬೇಕಾದಾಗ ಚಿಕ್ಕಪ್ಪನ ಮುಖದಲ್ಲಿ ಇದು ಭಾಗವಾಗಲಾರದೇನೋ ಎಂಬ ಆಸೆ ಮೂಡಿತು. ಅವಳು ನಿಲ್ಲಿಸಲಿಲ್ಲ. ಏಳು, ಎಂಟು, ನಾಲ್ಕು. ಕೊನೆಗೆ ಐವತ್ತೊಂದು ಉಳಿಯಿತು.

ಅವಳು ಸೀಮೆಸುಣ್ಣವನ್ನು ಚಿಕ್ಕಪ್ಪನತ್ತ ಚಾಚಿದಳು.

"ಕೊನೇ ಸಾಲು ನೀವೇ ಬರೀರಿ ಚಿಕ್ಕಪ್ಪ. ಕಲಿಸಿದವರು ನೀವು."

ಅವರು ಕೈ ಚಾಚಲಿಲ್ಲ. ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರು ಅವಳನ್ನೊಮ್ಮೆ ನೋಡಿ ತಲೆಯಾಡಿಸಿದರು. ಕೆಲಸ ಹೋಯಿತೆಂದು ಅವಳಿಗೆ ಅಲ್ಲೇ ಗೊತ್ತಾಯಿತು. ಹಲಗೆಯತ್ತ ತಿರುಗಿ ಮೂರು ಬರೆದಳು, ಐವತ್ತೊಂದನ್ನು ಕಳೆದಳು, ಹಿಂದಿನ ಬೆಂಚಿನವರಿಗೂ ಕಾಣುವಷ್ಟು ದೊಡ್ಡದಾಗಿ ಶೇಷ ಸೊನ್ನೆ ಎಂದು ಬರೆದಳು.