ಹೋದ ಎಂಬ ಮಾತು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ದರ್ಜಿಯಕ್ಕ ನಕ್ಕಳು. ಕೇಳಿದವರೆಲ್ಲ ಅವಳಿಗೆ ಛೀಮಾರಿ ಹಾಕುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು.

ಬೆಳಿಗ್ಗೆ ಅಂಗಡಿ ತೆಗೆದು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಯಾರದೋ ಅಂಗಿಯ ಸವೆದ ಕಾಲರನ್ನು ತಿರುಗಿಸಿ ಹೊಲಿಯುತ್ತಿದ್ದಳು. ಗುಂಡಿ ಒತ್ತುವ ಸಣ್ಣ ಫೋನು ಕೂಗಿತು. ತಮ್ಮನ ಮಗಳು.

"ಅತ್ತೆ, ಅಪ್ಪ ಹೋದ್ರು."

"ಹೋದ್ನಾ? ಅಂತೂ ಇಂತೂ ಬುದ್ಧಿ ಬಂತಲ್ಲ ಮಹಾರಾಯನಿಗೆ! ಇವತ್ತು ನಾನು ಸಿಹಿ ತಿಂತೀನಿ ನೋಡು."

ಆ ಕಡೆ ಫೋನು ಕಟ್ಟಾಯಿತು. ಅಪ್ಪನನ್ನು ಅಂದದ್ದಕ್ಕೆ ಹುಡುಗಿ ಮುನಿದಳು ಎಂದುಕೊಂಡು ಅಕ್ಕ ಮತ್ತೆ ಯಂತ್ರ ತುಳಿದಳು.

ಆ ಮನೆತನದಲ್ಲಿ 'ಹೋಗುವುದು' ಎಂಬ ಮಾತಿಗೆ ಬೇರೊಂದು ಅರ್ಥ ಹುಟ್ಟಿಕೊಂಡಿತ್ತು. ಹಿಂದೆ ಅಕ್ಕನ ಕೈಯಲ್ಲೂ ದೊಡ್ಡ ಫೋನಿತ್ತು. ಒಂದು ಮಧ್ಯಾಹ್ನ ಯಾರೋ ಗುರುತಿಲ್ಲದವರ ಮದುವೆಯನ್ನು ಅದರಲ್ಲಿ ನೋಡುತ್ತ ಹೊಲಿಯುವಾಗ ಸೂಜಿ ಅವಳ ಹೆಬ್ಬೆರಳಿನ ಉಗುರನ್ನು ತೂರಿ ಬಟ್ಟೆಗೆ ಸೇರಿಸಿ ಹೊಲಿಯಿತು. ಅವತ್ತೇ ಅವಳು ಬಂಧುಗಳ ವಾಟ್ಸಾಪ್ ಗ್ರೂಪಿನಿಂದ ಹೊರಬಂದು ಫೋನನ್ನು ಚೂರು ಬಟ್ಟೆಗಳ ಡಬ್ಬಕ್ಕೆ ಹಾಕಿದಳು. ಕೈಗಡಿಯಾರ ರಿಪೇರಿ ಮಾಡುವ ತಮ್ಮ ಅದನ್ನು ನೋಡಿ ಗ್ರೂಪಿಗೆಲ್ಲ ಸಾರಿದ: "ಅಕ್ಕ ಹೋದಳಪ್ಪೋ! ಎಲ್ಲರೂ ಒಂದು ನಿಮಿಷ ಎದ್ದು ನಿಲ್ರಿ!" ಬಂಧುಗಳು ಬಿದ್ದು ಬಿದ್ದು ನಕ್ಕರು. ಆಮೇಲೆ ಯಾರು ಗ್ರೂಪು ಬಿಟ್ಟರೂ ಅದೇ ಮಾತು. ಚಿಕ್ಕಪ್ಪ ಹೋದ, ಸೋದರತ್ತೆ ಹೋದಳು, ಇಬ್ಬರೂ ವಾಪಸ್ಸು ಬಂದರು. ಅಕ್ಕನಿಗೋ ತಮ್ಮನದೇ ಚಿಂತೆ. ಭೂತಗನ್ನಡಿ ಕಣ್ಣಿಗೇರಿಸಿಕೊಂಡು ಹಗಲೆಲ್ಲ ದುಡಿಯುವವನು, ಉಳಿದ ಹೊತ್ತನ್ನೂ ಫೋನಿಗೆ ಸುರಿಯುತ್ತಾನಲ್ಲ ಎಂದು ಕಂಡಾಗಲೆಲ್ಲ ತಲೆ ತಿನ್ನುತ್ತಿದ್ದಳು. "ಆಯ್ತು ಮಾರಾಯ್ತಿ, ಈ ವಾರ ನಾನೂ ಹೋಗಿಬಿಡ್ತೀನಿ, ನಿನ್ನ ಕಿರಿಕಿರಿ ತಪ್ಪಲಿ" ಎಂದು ಭಾನುವಾರವಷ್ಟೇ ಅವನು ಹೇಳಿದ್ದ.

ಸಂಜೆ ಪಕ್ಕದ ಔಷಧಿ ಅಂಗಡಿಯವನು ಒಳಗೆ ಇಣುಕಿದ. "ಏನಕ್ಕಾ, ನೀವಿಲ್ಲೇ ಇದೀರಾ? ತಮ್ಮನ ಮಣ್ಣಿಗೆ ಹೋಗ್ಲಿಲ್ವಾ?"

"ಯಾರ ಮಣ್ಣಿಗೆ?"

ಅವನು ತನ್ನ ಫೋನು ತಿರುಗಿಸಿ ತೋರಿಸಿದ. ತಮ್ಮನ ನಗುಮುಖದ ಹಳೆಯ ಚಿತ್ರ, ಕೆಳಗೆ ಊರವರೆಲ್ಲರ ಸಂತಾಪ. ಬೆಳಗಿನ ಜಾವ ಎದೆನೋವು ಬಂದು ಆಸ್ಪತ್ರೆಯ ಮೆಟ್ಟಿಲಲ್ಲೇ ಕುಸಿದನಂತೆ. ಮಧ್ಯಾಹ್ನಕ್ಕೆಲ್ಲ ಮುಗಿಸಿದ್ದರು.

ಅಕ್ಕ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದಳು. ತಮ್ಮನ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ತಮ್ಮನ ಹೆಂಡತಿ ಎದ್ದು ಬಂದು ಹೊಸ್ತಿಲಲ್ಲೇ ನಿಂತಳು.

"ಸಿಹಿ ತಿಂದಾಯ್ತಾ ಅತ್ತಿಗೆ?"

"ನಂಗೊತ್ತಾಗ್ಲಿಲ್ಲ ಕಣೇ. ಗ್ರೂಪಿಂದ ಹೋದ ಅಂದ್ಕೊಂಡೆ. ದೇವರಾಣೆ."

"ಅವರು ಗ್ರೂಪಲ್ಲೇ ಇದಾರೆ. ಹೋದವರು ನೀವು."

ಒಳಗೆ ಕೂತಿದ್ದ ಚಿಕ್ಕಪ್ಪ ಕೆಮ್ಮಿದ. "ದೊಡ್ಡ ಸನ್ಯಾಸಿನಿ ಅವಳು. ನಮ್ಮಂಥವರ ಸುಖದುಃಖ ಅವಳಿಗ್ಯಾಕೆ?" ಎಂದ. ಯಾರೂ ಅವನನ್ನು ತಡೆಯಲಿಲ್ಲ. ಅಕ್ಕ ತಮ್ಮನ ಮಗಳ, ತನ್ನ ಸೋದರಸೊಸೆಯ ಕಡೆ ತಿರುಗಿ ಸೆರಗು ಹಿಡಿದುಕೊಂಡು ಕೇಳಿದಳು:

"ಪುಟ್ಟಿ, ಕೊನೇ ಸಲ ಮುಖಾನಾದ್ರೂ ನೋಡ್ಬೇಕು. ಫೋಟೋ ತೆಗ್ದಿದ್ರೆ ತೋರ್ಸು. ನಿನ್ನ ಫೋನಲ್ಲೇ, ದೂರದಿಂದ್ಲೇ."

"ಗ್ರೂಪಲ್ಲಿ ಹಾಕಿದೀವಿ ಅತ್ತೆ. ಬೇಕಾದವರು ಸೇರ್ಕೊಂಡು ನೋಡ್ಕೊಳ್ತಾರೆ." ಹುಡುಗಿ ಫೋನನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಕ್ಕ ಡಬ್ಬದ ಚೂರು ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದು ದೊಡ್ಡ ಫೋನನ್ನು ಹೊರತೆಗೆದಳು. ಚಾರ್ಜಿಗೆ ಹಾಕಿದಳು, ಔಷಧಿ ಅಂಗಡಿಯವನಿಂದ ಸಿಮ್ಮು ಬದಲಾಯಿಸಿಕೊಂಡಳು. ಸೇರಿಸಮ್ಮಾ ಎಂದು ಸೊಸೆಗೆ ಬರೆದಳು. ಸೊಸೆ ಆ ಕ್ಷಣವೇ ಸೇರಿಸಿದಳು. ಇಷ್ಟು ಬೇಗ ಮನಸ್ಸು ಕರಗಿತಲ್ಲ ಎಂದು ಅಕ್ಕ ದೇವರಿಗೆ ಕೈ ಮುಗಿದು ಗ್ರೂಪು ತೆರೆದಳು.

ಖಾಲಿ. ಅವಳನ್ನು ಸೇರಿಸಲಾಗಿದೆ ಎಂಬ ಒಂದು ಸಾಲು ಬಿಟ್ಟರೆ ಏನೂ ಇರಲಿಲ್ಲ. ಮೇಲಕ್ಕೆ ಎಳೆದಳು, ಕೆಳಕ್ಕೆ ಎಳೆದಳು.

"ಸೇರೋಕೆ ಮುಂಚೆ ಹಾಕಿದ್ದು ನಿಮಗೆ ಕಾಣ್ಸಲ್ಲ ಅಕ್ಕಾ," ಎಂದ ಔಷಧಿಯವನು. "ನಿಮ್ಮ ಸೊಸೆಗೆ ಗೊತ್ತಿರತ್ತಲ್ಲ. ಯಾರಾದ್ರೂ ಇನ್ನೊಂದ್ಸಲ ಹಾಕ್ಬೇಕು."

ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಅವಳು ಬರೆದಳು: 'ದಯವಿಟ್ಟು ತಮ್ಮನ ಮುಖ ಇನ್ನೊಮ್ಮೆ ಹಾಕಿ. ಕಾಲಿಗೆ ಬೀಳುತ್ತೇನೆ.' ಆ ಸಾಲನ್ನು ಒತ್ತಿ ಹಿಡಿದು ನೋಡಿದಾಗ ಓದಿದವರ ಹೆಸರುಗಳು ಒಂದೊಂದಾಗಿ ಮೂಡಿದವು. ಚಿಕ್ಕಪ್ಪ ಓದಿದ. ತಮ್ಮನ ಹೆಂಡತಿ ಓದಿದಳು. ಸೊಸೆ ಎಲ್ಲರಿಗಿಂತ ಮೊದಲು ಓದಿದ್ದಳು. ಸ್ವಲ್ಪ ಹೊತ್ತಿಗೆ ಸೋದರತ್ತೆ ಒಂದು ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಎಂದಳು. ಅದಕ್ಕೆ ಒಬ್ಬೊಬ್ಬರಾಗಿ ಎಲ್ಲರೂ ಶುಭೋದಯ ಎಂದರು. ಹೂವಿನ ಮೇಲೆ ಹೂವು ಬಂದು ಅಕ್ಕನ ಸಾಲು ಪರದೆಯಿಂದ ಮೇಲಕ್ಕೆ ಸರಿದು ಮರೆಯಾಯಿತು.

ಅವಳು ಮತ್ತೆ ಬರೆದಳು. ಮತ್ತೆ ಹೂವು ಬಂತು. ಹೊಲಿಗೆ ಅಲ್ಲಲ್ಲೇ ನಿಂತಿತು. ಬಟ್ಟೆ ಕೇಳಿ ಬಂದವರು ಬೈದು ಹೋದರು. ಗ್ರೂಪು ಬಿಡುವ ಧೈರ್ಯ ಅವಳಿಗಿರಲಿಲ್ಲ: ಬಿಟ್ಟ ಗಳಿಗೆಯಲ್ಲೇ ಯಾರಾದರೂ ಹಾಕಿಬಿಟ್ಟರೆ? ಊಟದ ತಟ್ಟೆಯ ಪಕ್ಕ ಫೋನು, ದಿಂಬಿನ ಪಕ್ಕ ಫೋನು. ವಾರ ಕಳೆಯಿತು, ತಿಂಗಳು ಕಳೆಯಿತು. ಯಾರೂ ಹಾಕಲಿಲ್ಲ.

ಈಗಲೂ ಅವಳು ದಿನಾ ದೀಪದ ಮುಂದೆ ಕಣ್ಣು ಮುಚ್ಚಿ ಆ ಮುಖವನ್ನು ನೆನೆಯಲು ನೋಡುತ್ತಾಳೆ. ಚಿಕ್ಕಂದಿನ ಮುಖ ಬರುತ್ತದೆ, ಕೊನೆಯದು ಬರುವುದಿಲ್ಲ. ಆಗ ಬಾಯಿಬಿಟ್ಟು ಬೇಡುತ್ತಾಳೆ: "ದೇವರೇ, ನನಗೆ ತೋರಿಸದಿದ್ದರೆ ಬೇಡ, ನೀನು ನೋಡಿದ್ದೀಯಲ್ಲ, ಅಷ್ಟು ಸಾಕು. ಅವನನ್ನು ಹತ್ತಿರ ಕೂರಿಸಿಕೋ. ದಣಿದ ಜೀವ ಅದು. ಅವನ ಆತ್ಮಕ್ಕೆ ಶಾಂತಿ ಕೊಡಪ್ಪಾ."