ಪಟದ ಹಿಂದಿನ ಕಾಗದ

ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟು ಒಂದೇ ಏಟಿಗೆ ಬೀಜ ಹಾರಿಸುವುದು ಹೊನ್ನಕ್ಕನ ಕೈಗೆ ಕೂತ ಕೆಲಸ. ಆದರೆ ಆವತ್ತು ಸುತ್ತಿಗೆ ಎರಡು ಸಲ ಹೆಬ್ಬೆರಳಿಗೇ ಬಿತ್ತು. ಎದುರಿಗೆ ಅನುಸೂಯ ಕುಂತಿದ್ದಳು. ಬಂದವಳು ಏನೂ ಕೇಳದೆ ನಾರು ಬಿಡಿಸತೊಡಗಿದ್ದಳು. ಅದೇ ಹೊನ್ನಕ್ಕನನ್ನು ಚುಚ್ಚುತ್ತಿತ್ತು.

ಕೇಳುವುದೇನಿತ್ತು? ಪಂಚಾಯ್ತಿ ಅಧ್ಯಕ್ಷಗಿರಿಯನ್ನು ಇಬ್ಬರೂ ಹಂಚಿಕೊಳ್ಳುವುದೆಂದು ಆಂಜನೇಯನ ಗುಡಿಯಲ್ಲಿ ಕರ್ಪೂರ ಹಚ್ಚಿ ಮಾತಾಗಿತ್ತು. ಮೊದಲ ಹದಿನೈದು ತಿಂಗಳು ಹೊನ್ನಕ್ಕ, ಉಳಿದ ಹದಿನೈದು ಅನುಸೂಯ. ಹೊನ್ನಕ್ಕನ ಪಾಲಿನದು ಸಂಕ್ರಾಂತಿಗೇ ಮುಗಿದಿತ್ತು. ಈಗ ಯುಗಾದಿ ಹತ್ತಿರ ಬಂದಿದ್ದರೂ ರಾಜೀನಾಮೆ ಪತ್ರ ಮಾತ್ರ ದೇವರ ಪಟದ ಹಿಂದೆಯೇ ಮಡಚಿಕೊಂಡು ಕೂತಿತ್ತು.

"ಅಕ್ಕಾ," ಕೊನೆಗೆ ಅನುಸೂಯಳೇ ಬಾಯಿಬಿಟ್ಟಳು, "ನಮ್ಮತ್ತೆ ದಿನಾ ಹಂಗಿಸ್ತಾಳೆ. ಗುಡಿ ಮಾತು ಕರ್ಪೂರದ ಜೊತೆಗೇ ಉರಿದುಹೋಯ್ತೇನೇ ಅಂತ."

ಹೊನ್ನಕ್ಕ ಒಳಗೆ ಹೋಗಿ ಪತ್ರ ತಂದಳು. "ಓದು ಇದನ್ನ."

ಹೊಸದುರ್ಗದ ಜೆರಾಕ್ಸ್ ಅಂಗಡಿಯ ಮಲ್ಲೇಶ್ ಟೈಪು ಮಾಡಿಕೊಟ್ಟಿದ್ದ ಪತ್ರ. ಅನುಸೂಯ ಓದಿದಳು: "ವೈಯಕ್ತಿಕ ಕಾರಣಗಳಿಂದ ಹಾಗೂ ಅನಾರೋಗ್ಯದ ನಿಮಿತ್ತ..."

"ನಾನೇನ್ ರೋಗಿಷ್ಟೇನೇ? ನಾಕ್ ಮೂಟೆ ಹಣ್ಣು ಒಬ್ಳೇ ಕುಟ್ಟೀನಿ! ಮಲ್ಲೇಶನ್ನ ಕೇಳಿದ್ರೆ, ಯಾವ ಅಧ್ಯಕ್ಷರು ಬಂದ್ರೂ ಇದೇ ಕೊಡೋದು, ಹೆಸರೊಂದು ಬದಲಾಯಿಸ್ತೀನಿ ಅಂತಾನೆ. ಸುತ್ತ ಇಷ್ಟು ಪಂಚಾಯ್ತಿ ಅವೆ, ಎಲ್ರಿಗೂ ಒಂದೇ ಕಾಯಿಲೆನಾ?"

ಅನುಸೂಯ ನಕ್ಕುಬಿಟ್ಟಳು. "ಹಂಗಾರೆ 'ಸ್ಥಾನ ತ್ಯಜಿಸಿದ್ದೇನೆ' ಅಂತ ಬರಿ."

"ತ್ಯಜಿಸೋಕೆ ನಾನೇನ್ ಮಠ ಸೇರ್ತೀನಾ?"

"'ಬಿಟ್ಟಿದ್ದೇನೆ' ಅನ್ನು."

"ಗಂಡನ್ನ ಬಿಟ್ಟಂಗೈತೆ."

"'ಇಳಿದಿದ್ದೇನೆ'?"

"ಎಲ್ಲಿಂದ, ಬಸ್ಸಿಂದನಾ?"

ಇಬ್ಬರೂ ನಕ್ಕರು. ಅನುಸೂಯಳ ನಗು ಮೊದಲು ನಿಂತಿತು. "ದಿಟ ಹೇಳಕ್ಕ. ಮಾತು ಸಿಗ್ತಿಲ್ವೋ, ಕುರ್ಚಿ ಬಿಡೋಕೆ ಮನಸಿಲ್ವೋ?"

ಹೊನ್ನಕ್ಕ ಸುತ್ತಿಗೆ ಕೆಳಗಿಟ್ಟಳು. ಬೆರಳಿಗೆ ಅಂಟಿದ್ದ ಹುಳಿಯನ್ನು ಕಲ್ಲಿನ ಅಂಚಿಗೆ ಒರೆಸಿದಳು.

"ಎರಡೂ ಕಣೇ. ಮೂವತ್ತು ವರ್ಷ ಬರೀ ದಾಸಣ್ಣನ ಹೆಂಡ್ತಿ ಆಗಿದ್ದೆ. ಈಗ ಆಪೀಸಿಗೆ ಹೋದ್ರೆ ಎದ್ದು ನಿಂತು 'ಬರ್ರಿ ಮೇಡಂ, ಕುಂತ್ಕಳ್ರಿ' ಅಂತಾರೆ. ಕೇಳ್ತಾ ಕೇಳ್ತಾ ಕಿವಿಗೆ ರುಚಿ ಹತ್ತಿಬಿಟ್ಟೈತೆ."

"ಆ ರುಚಿ ನಂಗೂ ನೋಡ್ಬೇಕು ಅಂತ ಐತಕ್ಕ," ಅನುಸೂಯ ತಲೆ ಎತ್ತದೆ ಹೇಳಿದಳು.

ಹೊನ್ನಕ್ಕ ಅವಳನ್ನೇ ನೋಡಿದಳು. ಅವಳು ತನ್ನ ಆಸೆಯನ್ನು ಹೀಗೆ ಬಿಡಿಸಿ ಹೇಳಿದ್ದು ಅದೇ ಮೊದಲು.

"ನಲ್ಲೀತಾವ ನಮ್ಮ ಕೊಡ ತುಂಬಿದ ಮ್ಯಾಲೆ ಏನಂತೀವೇ?"

"ಏನಂತೀವಿ? ನಂದಾಯ್ತು, ನೀ ಹಿಡಿ ಅಂತೀವಿ."

ಅಕ್ಷರ ಕಲಿತ ಕಾಲದ ನೋಟುಪುಸ್ತಕ ಇನ್ನೂ ಇತ್ತು. ಹೊನ್ನಕ್ಕ ಅದರಿಂದ ಒಂದು ಹಾಳೆ ಹರಿದು, ಒಂದೊಂದು ಕೊಂಬನ್ನೂ ನಿಧಾನವಾಗಿ ಎಳೆಯುತ್ತ ಬರೆದಳು: "ಉಪವಿಭಾಗಾಧಿಕಾರಿಗಳಿಗೆ. ಅಧ್ಯಕ್ಷ ಸ್ಥಾನದಲ್ಲಿ ನನ್ನ ಸರದಿ ಮುಗಿದಿದೆ. ಎರಡು ತಿಂಗಳು ತಡ ಮಾಡಿದ್ದು ನನ್ನ ತಪ್ಪು. ಇನ್ನು ಅನುಸೂಯಳ ಸರದಿ. ಅದಕ್ಕೇ ಈ ರಾಜೀನಾಮೆ. ನನಗೆ ಯಾವ ಕಾಯಿಲೆಯೂ ಇಲ್ಲ."

"ಸಾಹೇಬ್ರು ಒಪ್ತಾರಾ?" ಅನುಸೂಯ ಕೇಳಿದಳು.

"ಕರೆದು ಕೇಳ್ಲಿ. ಅವರ ಆಪೀಸಿಗೇ ಹೋಗಿ ಹೇಳ್ತೀನಿ. ಏಳು, ಪೋಸ್ಟಾಪೀಸಿಗೆ ಹೋಗಾಣ."

ಅಂಚೆ ಕಚೇರಿಯ ಕಾವ್ಯ ಇವರನ್ನು ಕಂಡು ಎದ್ದು ನಿಂತಳು. "ಬರ್ರಿ ಮೇಡಂ, ಕುಂತ್ಕಳ್ರಿ."

ಹೊನ್ನಕ್ಕ ಅದನ್ನು ಪೂರಾ ಕೇಳಿಸಿಕೊಂಡಳು. ಆಮೇಲೆ ಕವರನ್ನು ಮುಂದೆ ಚಾಚಿದಳು.

ಕಾವ್ಯ ತೂಕ ಹಾಕಿದಳು, ಮುದ್ರೆ ಒತ್ತಿದಳು. ಕವರಿನ ಮೂಲೆಗೆ ಹತ್ತಿದ್ದ ಹುಣಸೆಯ ಕಲೆಯ ಮೇಲೆ ಒಂದು ಇರುವೆ ಓಡಾಡುತ್ತಿತ್ತು. ಕಾವ್ಯ ಎರಡು ಸಲ ಊದಿದಳು, ಅದು ಜಗ್ಗಲಿಲ್ಲ. ಇರುವೆ ಸಮೇತ ಕವರನ್ನು ಅಂಚೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.