ಬ್ಯಾಟರಿ ತಾತನ ಚೆಂಡುಹೂವು

ಮಗು ಮಣ್ಣು ತಿನ್ನುತ್ತಿತ್ತು. ಯಾವ ಮನೆಯಲ್ಲಿ ತಿನ್ನುವುದಿಲ್ಲ? ಬಾಯಿ ಒರೆಸಿ ಎತ್ತಿಕೊಳ್ಳುತ್ತಿದ್ದರು. ಆಮೇಲೆ ಅದಕ್ಕೆ ಊಟ ಸೇರದಾಯಿತು, ಹೊಟ್ಟೆನೋವು ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಸೀಸ.

ಮಗುವಿನ ತಾತ ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ಬ್ಯಾಟರಿ ರಿಪೇರಿ ಮಾಡುತ್ತಿದ್ದವರು. ಬೀದಿಗೆಲ್ಲ ಬ್ಯಾಟರಿ ತಾತ. ಒಳಗಿನ ಸೀಸದ ಪ್ಲೇಟು ತೆಗೆದು, ಆಸಿಡ್ ನೀರನ್ನು ಅಲ್ಲೇ ಚೆಲ್ಲುತ್ತಿದ್ದರು. ಶೆಡ್ಡು ಮುಚ್ಚಿದ ಮೇಲೆ ಆ ಜಾಗದಲ್ಲಿ ಸೊಪ್ಪು ಬೆಳೆದರು.

ಪಕ್ಕದ ಮನೆಯಾಕೆಗೆ ಮಣ್ಣು ಪರೀಕ್ಷೆ ಕೇಂದ್ರದಲ್ಲಿ ಕೆಲಸ. ಹಿತ್ತಲಿನ ಮಣ್ಣನ್ನು ಪರೀಕ್ಷಿಸಿ ಬಂದಳು.

“ತಾತ, ಮಣ್ಣಲ್ಲಿ ಸೀಸ ಜಾಸ್ತಿ ಇದೆ. ಸೊಪ್ಪು ಬೇಡ, ಚೆಂಡುಹೂವು ಹಾಕಿ. ಬೇರಿಂದ ಸ್ವಲ್ಪಸ್ವಲ್ಪವೇ ಹೀರ್ಕೊಳ್ಳುತ್ತೆ.”

“ಹೂವು ಸೀಸ ತೆಗೆಯುತ್ತಾ? ಮೊದಲೇ ಹೇಳಿದ್ರೆ ಶೆಡ್ಡಲ್ಲಿ ಕೆಲಸಕ್ಕೆ ಇಟ್ಕೋತಿದ್ದೆ!”

“ನಗಬೇಡಿ ಮಾವ,” ಎಂದಳು ಸೊಸೆ. “ಮಗು ಮುಖ ನೋಡಿ.”

ತಾತ ನೋಡಿದರು. “ನನ್ನಿಂದಲೇನಮ್ಮ ಇದು?”

ಮಾರನೆಯ ದಿನ ತಾತ ಸೊಪ್ಪನ್ನೆಲ್ಲ ಕಿತ್ತರು.

ಮಗು ಓಡಾಡುವ ಕಡೆ, ಪರೀಕ್ಷೆಯವಳು ಹೇಳಿದ ಅಳತೆಯಲ್ಲಿ, ಕಳಿತ ಗೊಬ್ಬರ ಮತ್ತು ಸುಣ್ಣ ಬೆರೆಸಿದರು.

“ಇವು ಸೀಸನ ಹಿಡಿದಿಟ್ಕೊಳ್ಳುತ್ವೆ. ಸುಲಭವಾಗಿ ಮೈಗೆ ಸೇರಕ್ಕೆ ಬಿಡಲ್ಲ,” ಎಂದಳು ಅವಳು.

ಅದರ ಮೇಲೆ ಬೇರೆಡೆಯಿಂದ ತಂದ ಒಳ್ಳೆಯ ಮಣ್ಣು ಹರಡಿದರು. ಉಳಿದ ಜಾಗದಲ್ಲೆಲ್ಲ ಚೆಂಡುಹೂವು. ಪ್ಲೇಟು ಜೋಡಿಸಿದ ಕೈ ಅದು, ಸಾಲು ಒಂದಿಷ್ಟೂ ವಾಲಲಿಲ್ಲ. ಹೂ ಬಿಟ್ಟಾಗ ದಾರಿಹೋಕರು ನಿಂತು ನೋಡಿದರು.

ಗಿಡ ಕೀಳುವ ಹೊತ್ತು ಬಂತು. ತಾತ ಒಂದು ಹೊರೆ ಕಟ್ಟಿ ಹೊರಟರು.

“ಎಲ್ಲಿಗೆ ತಾತ?” ಎಂದಳು ಪಕ್ಕದ ಮನೆಯಾಕೆ.

“ಗೊಬ್ಬರದ ಗುಂಡಿಗೆ. ಇಷ್ಟು ಸೊಂಪಾಗಿ ಬೆಳೆದದ್ದನ್ನ ಬಿಸಾಕೋದಾ?”

“ಕೆಟ್ಟ ಪ್ಲೇಟು ತೆಗೆದು, ತಿರುಗಾ ಅದೇ ಬ್ಯಾಟರಿಗೆ ಹಾಕ್ತಿದ್ರಾ ನೀವು?”

ತಾತ ಗಕ್ಕನೆ ನಿಂತರು. “ಹಾಕಿದ್ರೆ ಗಿರಾಕಿ ನನ್ನ ಚರ್ಮ ಸುಲೀತಿದ್ದ.”

“ಆ ಗಿಡದಲ್ಲಿರೋದೂ ಅದೇ ಸೀಸ.”

ತಾತ ಹೊರೆ ಇಳಿಸಿದರು. ಕೈಗವಸು ಹಾಕಿ, ಮೂಗುಬಾಯಿ ಮುಚ್ಚಿಕೊಂಡು, ಬೇರು ಸಮೇತ ಒಂದೊಂದೇ ಗಿಡವನ್ನು ಚೀಲಕ್ಕೆ ತುಂಬಿದರು. ಚೀಲದ ಬಾಯಿ ಬಿಗಿದು, ಅಪಾಯಕಾರಿ ಕಸದ ಗಾಡಿಗೆ ತಾವೇ ಹೊತ್ತು ಕೊಟ್ಟರು.

ಪ್ರತಿ ಹಂಗಾಮಿಗೂ ಹಾಗೆಯೇ ಮಾಡುತ್ತಿದ್ದಾರೆ. ಹೂವು ಹೊಗಳಿದವರಿಗೆಲ್ಲ ಒಂದೇ ಮಾತು: “ಇದು ನಾನು ಕೆಡಿಸಿದ ಮಣ್ಣು. ನಿಮ್ಮದೂ ಒಮ್ಮೆ ನೋಡಿಸಿ.” ಇಷ್ಟು ನೇರವಾಗಿ ಹೇಳುವವರು ಎಷ್ಟು ಮಂದಿ ಸಿಗುತ್ತಾರೆ?

ಮಗುವಿನ ರಕ್ತದಲ್ಲಿ ಸೀಸ ಇಳಿಯುತ್ತಿದೆ. ಹೂವೊಂದರಿಂದಲೇ ಅಲ್ಲ. ಮಣ್ಣು ಮುಚ್ಚಿದ್ದರಿಂದ, ಕೈ ತೊಳೆಸಿದ್ದರಿಂದ, ವೈದ್ಯರ ಬಳಿ ಬಿಡದೆ ಹೋದದ್ದರಿಂದ. ಹೂವಿನ ಕೆಲಸ ನಿಧಾನ. ವರ್ಷಗಟ್ಟಲೆ ನಡೆಯಬೇಕು.

ನಿಮ್ಮ ಮನೆಯ ಸುತ್ತ ಬ್ಯಾಟರಿ, ಬಣ್ಣ ಅಥವಾ ಲೋಹದ ಕೆಲಸ ನಡೆದಿತ್ತೇ? ಮಣ್ಣು ಪರೀಕ್ಷೆ ಮಾಡಿಸಿ. ಏನು ಬೆರೆಸಬೇಕು, ಯಾವ ಹೂವು ಹಾಕಬೇಕು ಎಂದು ತಿಳಿದವರನ್ನು ಕೇಳಿ. ಆ ಗಿಡಗಳನ್ನು ಸುಡಬೇಡಿ, ದನಕರುಗಳಿಗೆ ಹಾಕಬೇಡಿ, ಗೊಬ್ಬರ ಮಾಡಬೇಡಿ. ಕೆಡಿಸಿದವರು ಯಾರೇ ಇರಲಿ, ನಾಳೆ ಅಲ್ಲಿ ಆಡುವುದು ನಿಮ್ಮ ಮಗು.